ಆ ಕಡೆಯ ಬ್ರೇಕು

ಬಿಸಿಲಿಗೆ ಕಾದ ಟಾರು, ಅದರ ಜೊತೆ ಒಂದಿಷ್ಟು ಪೆಟ್ರೋಲು. ಈ ವಾಸನೆ ಮೂಗಿಗೆ ಬಡಿದರೆ ಸಾಕು, ಡ್ರೈವಿಂಗ್ ಮಾಸ್ಟರು ಇವತ್ತಿಗೂ ಚಿಕ್ಕ ಹುಡುಗನಾಗಿಬಿಡುತ್ತಾರೆ. ಬರಿಗಾಲಲ್ಲಿ ರಸ್ತೆಯಂಚಿಗೆ ನಿಂತು, ಹೊಗೆ ಬಿಡುತ್ತ ಹೋದ ಕಾರಿನ ಹಿಂದೆ ಮೂಗರಳಿಸಿ, ‘ಬೆಳೆದರೆ ಒಳಗೆ ಕೂರುವವನಾಗಬೇಕು, ಹೀಗೆ ಅಂಚಲ್ಲಿ ನಿಲ್ಲುವವನಲ್ಲ’ ಎಂದು ಅಂದೇ ತೀರ್ಮಾನಿಸಿದ್ದರು. ಅಂದುಕೊಂಡ ಹಾಗೆ ಬದುಕಿಡೀ ಒಳಗೇ ಕೂತರು. ಕಣ್ಣು ಮಂಜಾಗಿ ಗಾಡಿ ಓಡಿಸುವುದನ್ನೇ ನಿಲ್ಲಿಸಿದ ಮೇಲೆ, ಈಗ ಊಟದ ಕ್ಯಾರಿಯರ್ ಹಿಡಿದುಕೊಂಡು ರಸ್ತೆ ದಾಟುವ ಬಿಳಿ ಪಟ್ಟೆಗಳ ಅಂಚಲ್ಲಿ ನಿಂತಿದ್ದರು.

ಎದುರಿಗೇ ಆಸ್ಪತ್ರೆ. ಆಪರೇಷನ್ ಆದಾಗಿನಿಂದ ಹೆಂಡತಿ ಅಲ್ಲಿನ ಊಟವನ್ನು ಮೂಸಿಯೂ ನೋಡಿರಲಿಲ್ಲ. ಇವತ್ತು ನಾಲ್ಕು ತುತ್ತು ಒಳಗೆ ಹೋಗದಿದ್ದರೆ ಮತ್ತೆ ಮೂಗಿಗೆ ನಳಿಕೆ ಹಾಕಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. “ಹಾಗಾದರೆ ನೀವೇ ಏನಾದರೂ ಬೇಯಿಸಿ ತನ್ನಿ, ಹೇಗಿದ್ದರೂ ತಿಂತೀನಿ” ಎಂದು ಬೆಳಿಗ್ಗೆ ಆಕೆ ಫೋನಿನಲ್ಲಿ ಹೇಳಿದ್ದರು. ಜನ್ಮದಲ್ಲಿ ಒಲೆ ಹಚ್ಚದ ಮಾಸ್ಟರು ಒಮ್ಮೆ ಅನ್ನ ಸೀಯಿಸಿ, ಇನ್ನೊಮ್ಮೆ ಅಂಟು ಮಾಡಿ, ಕೊನೆಗೆ ತಿನ್ನುವಂಥದ್ದೇನೋ ಆದಾಗ ಓಡೋಡಿ ಬಂದಿದ್ದರು. ಊಟ ತರುವವರಿಗೆ ಆಸ್ಪತ್ರೆಯ ಗೇಟು ಒಂದು ಗಂಟೆಗೆಲ್ಲ ಮುಚ್ಚುತ್ತದೆ.

ಪಟ್ಟೆಯ ಮೇಲೆ ಯಾರಾದರೂ ಕಾಲಿಟ್ಟರೆ ಗಾಡಿ ನಿಲ್ಲಬೇಕು. ಊರಿಗೆಲ್ಲ ಈ ನಿಯಮವನ್ನು ಬಾಯಿಪಾಠ ಮಾಡಿಸಿದವರೇ ಅವರು. ಮಾಸ್ಟರು ಕಾಲಿಟ್ಟರು. ಬಿಳಿ ಕಾರೊಂದು ಪೀಂ ಎಂದು ಕಿರುಚಿತು. ಕಾಲು ಹಿಂದಕ್ಕೆ ತೆಗೆದರು. ಕಾರಿನ ಕಿಟಕಿಯಿಂದ ಒಂದು ಕೈ ಹೊರಬಂತು. “ನಮಸ್ಕಾರ ಸಾರ್!” ಮತ್ತೆ ಕಾಲಿಟ್ಟರು. ಬ್ರೆಡ್ಡಿನ ವ್ಯಾನು ರೊಯ್ಯನೆ ಹಾದುಹೋಯಿತು. “ಸಾರ್, ಚೆನ್ನಾಗಿದ್ದೀರಾ?” ಉತ್ತರ ಕೇಳುವಷ್ಟರಲ್ಲಿ ಅದು ತಿರುವಿನಲ್ಲಿತ್ತು. ಹಿಂದೆಯೇ ಬಂದ ಟೀಚರಮ್ಮ ಸ್ಟಿಯರಿಂಗ್ ಬಿಟ್ಟು ಎರಡೂ ಕೈ ಮುಗಿದು, ವೇಗ ಮಾತ್ರ ಕಡಿಮೆ ಮಾಡದೆ ಹೋದರು. ಎಲ್ಲರೂ ಅವರ ಶಿಷ್ಯರೇ. ಎಲ್ಲರಿಗೂ ಅವರನ್ನು ಕಂಡರೆ ಬೆಟ್ಟದಷ್ಟು ಗೌರವ. ಬ್ರೇಕು ಒತ್ತುವಷ್ಟು ಮಾತ್ರ ಯಾರಿಗೂ ಇರಲಿಲ್ಲ.

ಕೊನೆಗೊಂದು ಕಾರು ನಿಂತಿತು, ಅದೂ ಪಟ್ಟೆಗಳ ಮೇಲೇ. ಟೆಸ್ಟಿನಲ್ಲಿ ಒಂದೇ ಏಟಿಗೆ ಪಾಸಾಗಿದ್ದ ಸೋಫಾ ಅಂಗಡಿಯವನು.

“ಹತ್ತಿ ಸಾರ್! ಈ ಬಿಸಿಲಲ್ಲಿ ನಿಂತಿದ್ದೀರಲ್ಲ, ಎಲ್ಲಿಗೆ?”

“ಇಲ್ಲೇನಪ್ಪಾ, ಎದುರುಗಡೆ ಆಸ್ಪತ್ರೆಗೆ.”

“ಅಷ್ಟೇನಾ? ಬನ್ನಿ, ಬಿಟ್ಟುಬಿಡ್ತೀನಿ. ನಡ್ಕೊಂಡು ದಾಟೋ ಕಾಲವಾ ಸಾರ್ ಇದು?”

ಎದುರಿಗಿದ್ದ ಗೇಟು ಮುಟ್ಟಲು ದೊಡ್ಡ ವೃತ್ತದವರೆಗೆ ಹೋಗಿ ತಿರುಗಿ ಬರಬೇಕಾಯಿತು. ದಾರಿಯುದ್ದಕ್ಕೂ ಅವನು ಹಳೆಯ ಕಥೆಗಳನ್ನು ಬಿಚ್ಚಿದ. ಮಾಸ್ಟರ ಕಣ್ಣು ಕೈಗಡಿಯಾರ ಬಿಟ್ಟು ಕದಲಲಿಲ್ಲ. ಅಂತೂ ಆಸ್ಪತ್ರೆಯ ಕಡೆಯಿಂದ ಅದೇ ಪಟ್ಟೆಗಳು ಕಂಡವು. ನೀಲಿ ಸೀರೆಯ ಆಯಾ ಒಬ್ಬಳು ಆಚೆ ಬದಿಯಲ್ಲಿ ಯಾರನ್ನೋ ಹುಡುಕುತ್ತ, ಕೈ ಅಡ್ಡ ಹಿಡಿದು ರಸ್ತೆಗೆ ಇಳಿದಳು.

ಮಾಸ್ಟರ ಬಲಗಾಲು ತನ್ನಷ್ಟಕ್ಕೆ ತಾನೇ ನೆಲಕ್ಕೆ ಬಲವಾಗಿ ಒತ್ತಿತು. ಕಲಿಸುವ ಕಾರಿನಲ್ಲಿ ಮಾಸ್ಟರ ಕಾಲಡಿಗೂ ಒಂದು ಬ್ರೇಕು ಇರುತ್ತದೆ. ಅದು ಎಷ್ಟು ಜನರ ಜೀವ ಉಳಿಸಿತ್ತೋ, ಲೆಕ್ಕವಿಟ್ಟವರಿಲ್ಲ. ಈ ಕಾರಿನಲ್ಲಿ ಅಲ್ಲೊಂದು ಮೆತ್ತನೆಯ ಮ್ಯಾಟು ಇತ್ತು, ಅಷ್ಟೆ. ಹಾರ್ನು ಅರಚಿತು. ಆಯಾ ಹಿಂದಕ್ಕೆ ನೆಗೆದಳು. ಅವಳ ಒಂದು ಚಪ್ಪಲಿ ಬಿಳಿ ಪಟ್ಟೆಯ ಮೇಲೆ ಉಳಿಯಿತು.

“ನಿಲ್ಲಿಸೋದಲ್ವೇನೋ!”

“ಈ ಗಾಡೀಲಿ ಆ ಕಡೆ ಬ್ರೇಕಿಲ್ಲ ಸಾರ್!” ಅವನು ಗಹಗಹಿಸಿದ. “ನಿಮ್ಮ ಪಾಠ ಮರೀತೀನಾ? ‘ಟೆಸ್ಟಿನ ದಿವಸ ಪಟ್ಟೆ ಕಂಡ್ರೆ ನಿಲ್ಲಿಸು. ಮಾರನೇ ದಿವಸದಿಂದ ಹಾರ್ನ್ ಹೊಡಿ, ಅವರೇ ನಿಲ್ತಾರೆ.’ ಎಂಥಾ ಮಾತು ಸಾರ್! ನನ್ನ ಮಗಳಿಗೂ ಅದನ್ನೇ ಹೇಳಿಕೊಡ್ತಿದ್ದೀನಿ.”

ಅವರನ್ನು ಗೇಟಿನ ಮುಂದೆ ಇಳಿಸಿ, ಕೈ ಮುಗಿದು ಅವನು ಹೊರಟುಹೋದ. ಕಾವಲಿನವನು ಆಗಷ್ಟೇ ಅಗುಳಿ ಹಾಕಿದ್ದ. ಎಷ್ಟು ಬೇಡಿದರೂ ಗೋಡೆಯ ಗಡಿಯಾರದ ಕಡೆಗೇ ಬೆರಳು ತೋರಿಸಿದ. ಏನು ಮಾಡಬೇಕೆಂದು ತೋಚದೆ ಮಾಸ್ಟರು ನಿಂತಿರುವಾಗ, ಆ ಆಯಾ ಒಂದು ಕಾಲಲ್ಲಿ ಚಪ್ಪಲಿ, ಒಂದು ಬರಿಗಾಲು, ಕುಂಟುತ್ತ ಬಂದಳು.

“ಡ್ರೈವಿಂಗ್ ಮಾಸ್ಟರು ನೀವೇ ಅಲ್ವಾ? ಆ ಕಾರಲ್ಲೇ ಬಂದ್ರಾ? ಸದ್ಯ, ಬಂದ್ರಲ್ಲ. ಕೊಡಿ ಇಲ್ಲಿ, ಗೇಟು ಮುಚ್ಚಿರೋದು ನಿಮಗೆ, ನನಗಲ್ಲ.”

“ನಿನ್ನ ಚಪ್ಪಲಿ ಕಣಮ್ಮಾ…”

“ಅದೆಲ್ಲಿಗೆ ಹೋಗತ್ತೆ? ಗಾಡಿ ಕಡಿಮೆಯಾದಾಗ ತಂದ್ಕೋತೀನಿ. ನಿಮ್ಮನ್ನ ಕರ್ಕೊಂಡು ಬರೋಕೇ ಹೊರಟಿದ್ದೆ. ಮೇಲಿನ ಕಿಟಕಿಯಿಂದ ನಿಮ್ಮ ಮನೆಯವರು ಆವಾಗಿಂದ ನೋಡ್ತಾನೇ ಇದ್ರು. ‘ಊರಿಗೆಲ್ಲ ಗಾಡಿ ಓಡಿಸೋದು ಕಲಿಸಿದ್ರು, ನಿಲ್ಲಿಸೋದು ಒಬ್ಬರಿಗೂ ಕಲಿಸಲಿಲ್ಲ. ಹೋಗಮ್ಮಾ, ಕೈ ಹಿಡಿದು ದಾಟಿಸ್ಕೊಂಡು ಬಾ’ ಅಂದ್ರು.”

ಮೇಲಿನ ಕಿಟಕಿಯತ್ತ ತಲೆಯೆತ್ತಲು ಮಾಸ್ಟರಿಗೆ ಧೈರ್ಯ ಬರಲಿಲ್ಲ. ಅವಳ ಬರಿಗಾಲನ್ನೇ ನೋಡುತ್ತ, ಇನ್ನೂ ಬೆಚ್ಚಗಿದ್ದ ಕ್ಯಾರಿಯರನ್ನು ಎರಡೂ ಕೈಯಿಂದ ಎತ್ತಿ ಮೆಲ್ಲಗೆ ಅವಳ ಕೈಗಿತ್ತರು.