ಮೊಟ್ಟೆಯೊಳಗಿನ ಇನ್ಸುಲಿನ್

“ಕಾಲು ತೆಗೆಯೋದಾ? ಅದೊಂದು ಮಾತ್ರ ಆಗಲ್ಲ,” ಎಂದು ದರ್ಜಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡ.

“ಇವತ್ತಾದ್ರೆ ಮಂಡಿಯ ಕೆಳಗೆ. ನಾಳೆ, ನಾಡಿದ್ದು ಅಂತ ತಳ್ಳಿದ್ರೆ ಮಂಡಿಯ ಮೇಲೆ. ಆಮೇಲೆ ನನ್ನ ಕೈಯಲ್ಲೂ ಏನೂ ಇರಲ್ಲ,” ಎಂದ ಸರ್ಜನ್.

“ಕಾಲಿಲ್ಲದೆ ಹೊಲಿಗೆ ಮಿಷನ್ ತುಳಿಯೋದು ಹೇಗೆ ಡಾಕ್ಟ್ರೇ? ಸ್ವಲ್ಪ ತಡೀರಿ. ಸಕ್ಕರೆ ಕಾಯಿಲೆಗೆ ನನ್ನ ಮಗಳೇ ಔಷಧಿ ಕಂಡುಹಿಡೀತಿದ್ದಾಳೆ. ಅದು ಬಂದ್ಮೇಲೆ ಗಾಯ ತಾನಾಗೇ ಮಾಯತ್ತೆ. ಇಲ್ಲೇ ನಿಂತಿದ್ದಾಳಲ್ಲ, ಕೇಳಿ.”

ಸರ್ಜನ್ ಮಗಳತ್ತ ತಿರುಗಿದ. ಇನ್ಸುಲಿನ್ ಸಂಶೋಧನೆಯಲ್ಲೇ ಕೂದಲು ನರೆಸಿಕೊಂಡ ವಿಜ್ಞಾನಿ ಅವಳು. ಮಂಚದ ಕಂಬಿ ಹಿಡಿದು ನಿಂತಿದ್ದವಳು ತಲೆ ತಗ್ಗಿಸಿದಳು. ಅಷ್ಟರಲ್ಲೇ ಅವನಿಗೆ ಅರ್ಥವಾಯಿತು. “ನೀವೇ ಹೇಳಿ. ನಾನು ಪಕ್ಕದ ವಾರ್ಡ್ ಮುಗಿಸಿ ಬರ್ತೀನಿ,” ಎಂದು ಹೊರಟುಹೋದ.

ಅವಳ ಸಂಶೋಧನೆಯೇನೋ ಇನ್ಸುಲಿನ್ ಮೇಲೆಯೇ. ಆದರೆ ಅದು ಎರಡು ದಿನ ಕಾವು ಕಂಡ ಕೋಳಿಮೊಟ್ಟೆಯೊಳಗಿನ ಇನ್ಸುಲಿನ್. ಭ್ರೂಣದಲ್ಲಿ ಮೇದೋಜೀರಕ ಗ್ರಂಥಿ ಮೂಡುವ ಮೊದಲೇ ಅದು ಎಲ್ಲಿಂದ ಬರುತ್ತದೆ, ಮುಂದೆ ಕಣ್ಣು, ಮಿದುಳು ಆಗಬೇಕಾದ ಕೋಶಗಳನ್ನು ಸಾಯದಂತೆ ಹೇಗೆ ಕಾಯುತ್ತದೆ ಎಂಬುದಷ್ಟೇ ಅವಳ ಪ್ರಶ್ನೆ. ಒಳ್ಳೆಯ ಪ್ರಶ್ನೆಯೇ, ಆದರೆ ಕೋಳಿಮರಿಯ ಕಣ್ಣು ಯಾರಿಗೆ ಬೇಕು? ಹೋದ ವರ್ಷ ರೇಡಿಯೋದವರು “ಇದರಿಂದ ಜನಸಾಮಾನ್ಯರಿಗೇನು ಲಾಭ?” ಎಂದು ಕೇಳಿದಾಗ, “ಕೆಲವೇ ವರ್ಷಗಳಲ್ಲಿ ಸಕ್ಕರೆ ಕಾಯಿಲೆಯವರಿಗೆ ಸಿಹಿಸುದ್ದಿ ಕೊಡ್ತೀವಿ” ಎಂದುಬಿಟ್ಟಿದ್ದಳು. ಆ ಒಂದು ಮಾತಿಗೆ ಪ್ರಯೋಗಾಲಯಕ್ಕೆ ಹೊಸ ಸೂಕ್ಷ್ಮದರ್ಶಕ ಬಂತು. ಅಲ್ಲಿ ಎಲ್ಲರೂ ಅಂಥ ಮಾತು ಆಡುವವರೇ. ಅದನ್ನು ಯಾರೂ ಸುಳ್ಳು ಎಂದು ಕರೆಯುತ್ತಿರಲಿಲ್ಲ.

“ಅಪ್ಪಾ, ಇಂಜೆಕ್ಷನ್ ಯಾವಾಗಿಂದ ಬಿಟ್ರಿ?”

“ನೀನು ರೇಡಿಯೋದಲ್ಲಿ ಮಾತಾಡಿದ ಮಾರನೇ ದಿನದಿಂದ. ಹೇಗೂ ಹೊಸದು ಬರತ್ತಲ್ಲ, ದಿನಾ ಹೊಟ್ಟೆಗೆ ಚುಚ್ಚಿಕೊಳ್ಳೋ ಕರ್ಮ ಯಾಕೆ ಅಂತ.”

“ಫೋನಲ್ಲಿ ಕೇಳಿದಾಗೆಲ್ಲ ತಗೊಂಡೆ ಅಂತಿದ್ರಲ್ಲ!”

“ಕೆಲಸದಲ್ಲಿರ್ತೀಯ, ನಿನ್ನ ತಲೆ ಯಾಕೆ ಕೆಡಿಸೋದು ಅಂದ್ಕೊಂಡೆ ಪುಟ್ಟಿ.”

ಅಂಗಡಿಯ ನೆಲಕ್ಕೆ ಬಿದ್ದ ಸೂಜಿಯೊಂದು ಸಕ್ಕರೆ ಏರಿ ಮರಗಟ್ಟಿದ್ದ ಪಾದಕ್ಕೆ ಹೊಕ್ಕು ಒಳಗೇ ಮುರಿದು ಕೂತಿದ್ದರೂ ಅವನಿಗೆ ನೋವೇ ಗೊತ್ತಾಗಿರಲಿಲ್ಲ. ಈಗ ಕಾಲ್ಬೆರಳುಗಳು ಕಪ್ಪಗಾಗಿದ್ದವು. ಮಗಳು ಮಂಚದ ಅಂಚಿನಲ್ಲಿ ಕುಳಿತು ಒಂದನ್ನೂ ಬಿಡದೆ ಹೇಳಿದಳು. ಔಷಧಿ ಇಲ್ಲ, ತಾನು ಆ ಕೆಲಸಕ್ಕೆ ಕೈ ಹಾಕಿದವಳೇ ಅಲ್ಲ, ಮೊಟ್ಟೆಯ ಚಿಪ್ಪಿಗೆ ಪುಟ್ಟ ಕಿಂಡಿ ಕೊರೆದು ಒಳಗೆ ನೋಡುವುದಷ್ಟೇ ತನ್ನ ಕೆಲಸ.

ದರ್ಜಿ ಹೊದಿಕೆ ಸರಿಸಿ ತನ್ನ ಕಾಲನ್ನು ನೋಡಿಕೊಂಡ.

“ಇನ್ಸುಲಿನ್ ಇಲ್ದಿದ್ರೆ ಮೊಟ್ಟೆ ಒಳಗಿನ ಮರಿ ಏನಾಗತ್ತೆ?”

“ಕೋಶಗಳು ಒಂದೊಂದಾಗಿ ಸಾಯ್ತವೆ ಅಪ್ಪಾ.”

“ಅಷ್ಟೆಲ್ಲ ತಿಳಿದವಳು ಅಪ್ಪನ ಮೂಗಿಗೇ ತುಪ್ಪ ಸವರಿದ್ಯಲ್ಲೇ.”

“ನಿಮಗೆ ಅಂತ ಹೇಳಿದ್ದಲ್ಲ ಅಪ್ಪಾ... ಸುಮ್ನೆ, ಕೇಳೋರಿಗೆ ಅಂತ ಹೇಳಿದ್ದು.” ಹಾಗೆ ಹೇಳಿದ ಮೇಲೆ ಆ ಮಾತು ಅವಳಿಗೇ ಅಸಹ್ಯವಾಯಿತು.

ಸರ್ಜನ್ ಮರಳಿ ಬಂದಾಗ ದರ್ಜಿ ಆಪರೇಷನ್ನಿಗೆ ಒಪ್ಪಿ ತಲೆಯಾಡಿಸಿದ. ಅವನನ್ನು ಸ್ಟ್ರೆಚರ್ ಮೇಲೆ ಮಲಗಿಸಿ ತಳ್ಳಿಕೊಂಡು ಹೊರಟರು. ಬಾಗಿಲ ಬಳಿ ಅವನು ಮಗಳ ಕೈಯನ್ನು ಗಟ್ಟಿಯಾಗಿ ಹಿಡಿದು ಎಳೆದ. ಸಮಾಧಾನದ ಮಾತು ಹೇಳುತ್ತಾನೇನೋ ಎಂದು ಅವಳು ಬಗ್ಗಿದಳು.

“ಇಲ್ಲಿ ಕಾಯ್ತಾ ಕೂರ್ಬೇಡ. ಈಗಲೇ ನಮ್ಮ ಬೀದಿಗೆ ಹೋಗು. ಬೀಗ ರಿಪೇರಿಯವನು, ಬೇಕರಿಯವನು, ಎದುರುಮನೆ ಮೇಷ್ಟ್ರ ಹೆಂಡ್ತಿ... ಎಲ್ಲರೂ ಚುಚ್ಚಿಕೊಳ್ಳೋದು ಬಿಟ್ಟಿದ್ದಾರೆ. ನನ್ನ ಮಾತು ಕೇಳಿ ಅಲ್ಲ, ರೇಡಿಯೋದಲ್ಲಿ ನಿನ್ನ ಮಾತು ಕೇಳಿ. ನಿನ್ನನ್ನ ಎತ್ತಿ ಆಡಿಸಿದೋರು ಅವರೆಲ್ಲ, ಅದಕ್ಕೇ ನಂಬಿದ್ರು.”