ಒಂದು ವರ್ಷದ ಜಾಡಿ

ಪುಸ್ತಕದಂಗಡಿಯಲ್ಲಿ ಹೆಂಡತಿ ಕೈಗಿತ್ತ ತೆಳ್ಳನೆಯ ಪುಸ್ತಕವನ್ನು ಬಡಗಿ ತಿರುವಿ ನೋಡಿದ. ಮೂರೇ ದಿನದಲ್ಲಿ ಮನೆಯಲ್ಲೇ ತರಕಾರಿಯನ್ನು ಉಪ್ಪುನೀರಲ್ಲಿಟ್ಟು ಹುಳಿ ಬರಿಸುವ ಬಗೆ ಅದರಲ್ಲಿತ್ತು. ಆಪರೇಷನ್ ಆದಾಗಿನಿಂದ ಅವನು ಮುಂದಿನ ತಿಂಗಳು ಹೊಸ ಕನ್ನಡಕ ಮಾಡಿಸೋಣ ಎಂದರೂ "ಅಲ್ಲೀತನಕ ಇದ್ರೆ ನೋಡೋಣ ಬಿಡು" ಅನ್ನುತ್ತಿದ್ದ. ಮೂರು ದಿನಕ್ಕೆ ಆ ಮಾತು ಬರಲಾರದು ಎಂದೇ ಅವಳು ಅದನ್ನು ಆರಿಸಿದ್ದಳು.

ಅವನು ಅದನ್ನು ಕಪಾಟಿಗೆ ಮರಳಿಸಿ, ಪಕ್ಕದ ದಪ್ಪ ಪುಸ್ತಕ ತೆರೆದು ಒಂದು ಪುಟದ ಮೇಲೆ ಬೆರಳಿಟ್ಟ.

"ಈ ಮೆಣಸಿನಕಾಯಿ ನೋಡು. ಉಪ್ಪುನೀರಿಗೆ ಹಾಕಿದ್ಮೇಲೆ ಒಂದು ವರ್ಷ ಮುಚ್ಚಳ ತೆಗೆಯೋ ಹಾಗಿಲ್ವಂತೆ."

"ಅಷ್ಟು ದಿನ ಯಾರು ಕಾಯ್ತಾರೆ?" ಅವಳು ಅವನ ಮುಖ ನೋಡದೆ ಕೇಳಿದಳು.

"ನಾನಿರ್ತೀನಲ್ಲ. ಜಾಡಿ ಇಡೋಕೆ ಗೋಡೆಗೊಂದು ಹಲಗೆ ಹೊಡೀತೀನಿ. ನೀನು ಮಧ್ಯೆ ಮಧ್ಯೆ ಮುಚ್ಚಳ ತೆಗೆದು ಇಣುಕಬೇಡ, ಅಷ್ಟೆ."