ಹತ್ತನೆಯ ಮಾದರಿ

ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಲಸ ಹೋದ ಮೇಲೆ ವಿರೂಪಾಕ್ಷಯ್ಯ, ಬರೆಯುವವರಿಗೆ ಕೆಲಸ ಕೊಡಿಸುವ ಜಾಲತಾಣವೊಂದಕ್ಕೆ ಮಕ್ಕಳ ಕಥೆಗಳ ಮಾದರಿ ಕಳಿಸುತ್ತಿದ್ದ. ಒಂಬತ್ತು ಸಲವೂ ಬಂದದ್ದು ಒಂದೇ ಉತ್ತರ: "ಭಾಷೆ ಚೆನ್ನಾಗಿದೆ. ಕಥೆಗೆ ಜೀವವಿಲ್ಲ." ಹತ್ತನೆಯದನ್ನೂ ಜಾಲತಾಣದವರು ಒಲ್ಲೆವೆಂದರೆ ಅವನ ಖಾತೆಯೇ ರದ್ದು.

ಬರೆದು ಬರೆದು ರೋಸಿಹೋಗಿದ್ದ. ಆ ದಿನ ವಿಭೂತಿ ಹಚ್ಚಿಕೊಂಡು, ಮೊಬೈಲನ್ನು ದೇವರ ಮುಂದಿಟ್ಟು ಹೆಂಡತಿಯನ್ನು ಕರೆದ. "ಬಾಯಿಲೆ ಹೇಳಿದ್ದನ್ನ ಇದೇ ಬರಕೋತದಂತ. ನೀ ಹೂಂ ಅನ್ನು. ಹೂಂ ಅನ್ನೋರಿಲ್ಲದ ಕಥಿ ಹೇಳಬಾರದು ಅಂತಿದ್ದ ನಮ್ಮಪ್ಪ."

"ಒಂಬತ್ತಕ್ಕೂ ಒಲ್ಲೆ ಅಂದೋರು ಹತ್ತಕ್ಕ ಹೂಂ ಅಂತಾರೇನ್ರಿ?" ಎಂದಳು ನೀಲಮ್ಮ, ಮೊರದಲ್ಲಿ ಜೋಳ ಹಸನು ಮಾಡುತ್ತ.

"ಅವರು ಅನ್ನಲಿ ಬಿಡಲಿ, ನೀ ಅನ್ನು."

ರಾಜ್ಯ ಬಿಟ್ಟು ಕಾಡಿಗೆ ಹೋದ ಅರಸನ ಕಥೆಯನ್ನು ಅವನು ಹೇಳಿದ. ಅವಳು ಹೂಂ ಅಂದಳು. ಆದರೆ ಸುಮ್ಮನಿರಲಾರದೆ, "ಅಲ್ರೀ, ಅರಸ ಹೋದ, ಆನೀಗೆ ಮೇವು ಹಾಕೋರು ಯಾರು?" ಎಂದು ಕೇಳಿದಳು. "ಮಳ್ಳ ಅರಸ! ಹೆಂಡ್ತಿಗೆ ಒಂದು ಮಾತು ಹೇಳಿ ಹೋಗಬಾರದೇನು?" ಎಂದೂ ಬೈದಳು.

"ಬರೇ ಹೂಂ ಅನ್ನಾಕ ಬರೂದಿಲ್ಲೇನು ನಿನಗ?" ಎಂದು ರೇಗಿದ ಅವನು, ತಿರುಗಿ ಓದುವ ಮನಸ್ಸಾಗದೆ ಮೊಬೈಲು ಬರೆದುಕೊಂಡದ್ದನ್ನು ಹಾಗೆಯೇ ಕಳಿಸಿಬಿಟ್ಟ.

ಮರುದಿನ ಉತ್ತರ ಬಂತು. ಗಟ್ಟಿಯಾಗಿ ಓದಿದ: "ಮಾದರಿ ಒಪ್ಪಿಗೆಯಾಗಿದೆ."

ನೀಲಮ್ಮ ದೇವರಿಗೆ ಕೈಮುಗಿದಳು. "ಮುಂದ?"

ಮುಂದಿನ ಸಾಲು ಓದುವಾಗ ಅವನ ದನಿ ಇಳಿಯಿತು. "ಕಥೆ ಹೇಳುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ನಡುನಡುವೆ ಕೇಳುವ ಆ ತಾಯಿಯೇ ಇನ್ನು ಮೇಲೆ ಹೇಳಲಿ."

ನೀಲಮ್ಮ ಮಡಿಲಲ್ಲಿದ್ದ ಮೊರ ಕೆಳಗಿಟ್ಟು ಮೊಬೈಲನ್ನು ತನ್ನ ಮುಂದಕ್ಕೆ ಎಳೆದುಕೊಂಡಳು.

"ನೀವು ಹೂಂ ಅನ್ರಿ."